ನೀರು ಬೇಡವೆಂದ ಮಧ್ಯಾಹ್ನ

ನಾನು ಮಹಾ ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯುದ್ಧದ ವರದಿಗಾರ್ತಿ ಅಂದ ಕೂಡಲೇ ಜನ ನನ್ನನ್ನು ಒಂಥರಾ ನೋಡಲು ಶುರುಮಾಡುತ್ತಾರೆ. ಶಿರಸಿಯಲ್ಲಿ ಯಾವ ಮದುವೆಮನೆಗೆ ಹೋದರೂ ಪಂಕ್ತಿಯಲ್ಲಿ ಪಕ್ಕ ಕುಳಿತವರು, ಬಾಂಬು ಬೀಳುವುದನ್ನು ಹತ್ತಿರದಿಂದ ನೋಡಿದ್ದೀಯಾ ಎಂದು ಕೇಳದೆ ಬಿಡುವುದಿಲ್ಲ. ನೋಡಿಲ್ಲ. ಅದು ಬೀಳುವಾಗ ನಾನು ನೆಲಕ್ಕೆ ಮುಖ ಒತ್ತಿಕೊಂಡು ಬಿದ್ದಿರುತ್ತೇನೆ. ಹತ್ತಿರದಿಂದ ನೋಡಿದ್ದೇನಾದರೂ ಇದ್ದರೆ ಅದು ಗಡಿಯ ಮಣ್ಣು. ಹಾಗೆಂದರೆ ಅವರಿಗೆ ತಮಾಷೆ ಅನ್ನಿಸಿ ನಗುತ್ತಾರೆ, ಆಮೇಲೆ ಕೇಸರಿಬಾತಿನ ಕಡೆ ಗಮನ ಕೊಡುತ್ತಾರೆ.

ನಮ್ಮದು ಸಿದ್ದಾಪುರ ತಾಲ್ಲೂಕು, ತ್ಯಾಗಲಿಯಿಂದ ಸ್ವಲ್ಪ ಆಚೆ. ಸಣ್ಣವಳಿದ್ದಾಗ ನಾನು ಗುಡುಗಿಗೆ, ಹಾಯುವ ಎಮ್ಮೆಗೆ, ಲೆಕ್ಕದ ಮಾಸ್ತರರಿಗೆ, ಮನೆಗೆ ಬರುವ ಗಡ್ಡದ ವೈದ್ಯರಿಗೆ ಎಲ್ಲರಿಗೂ ಹೆದರುತ್ತಿದ್ದೆ. ನನಗೆ ರಕ್ಷಣಾ ಇಲಾಖೆಯ ವರದಿ ಮಾಡುವ ಕೆಲಸ ಸಿಕ್ಕಿದೆ, ದೆಹಲಿಗೆ ಹೋಗುತ್ತೇನೆ ಎಂದಾಗ ಅಮ್ಮ, ನಮ್ಮ ಆಯಿ, ನನಗೆ ಏನೂ ಹೇಳಲಿಲ್ಲ, ನೆಂಟರಿಗೆ ಹೇಳಿದಳು: "ಬಾವಿಗೆ ಹಣಕಲೆ ಹೆದ್ರತಿತ್ತು. ಈಗ ಇದು ಯುದ್ಧ ಬರೆತಡ."

ಬಾವಿ ಇಣುಕಲೂ ಹೆದರುವವಳು ಯುದ್ಧ ಬರೆಯುತ್ತಾಳಂತೆ ಎಂದ ಆಯಿಗೆ ಗೊತ್ತಿರದ ಒಂದು ಸಂಗತಿಯೆಂದರೆ, ಈ ಕೆಲಸಕ್ಕೆ ಹೆದರುವವರೇ ಬೇಕು. ಧೈರ್ಯವಂತರಿಗೆ ಕಿವಿ ಮಂದ. ಹೆದರುವವಳು ಮಾತ್ರ ಎಲ್ಲಿಂದ ಸದ್ದು ಬಂತು, ಯಾವ ಗೋಡೆ ಗಟ್ಟಿ, ಯಾವ ಅಧಿಕಾರಿ ಮಾತಾಡುತ್ತಾ ಮಾತಾಡುತ್ತಾ ಕಣ್ಣು ತಪ್ಪಿಸಿದ ಎಂಬುದನ್ನೆಲ್ಲ ನೋಡಿಟ್ಟುಕೊಳ್ಳುತ್ತಾಳೆ. ಈ ಹೆದರಿಕೆಯಿಂದಲೇ ನಾನು ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ನನ್ನ ಮೊದಲ ಕೆಲಸ ಯಲ್ಲಾಪುರದಲ್ಲಿ. ಯುದ್ಧವೂ ಇಲ್ಲ, ಗಡಿಯೂ ಇಲ್ಲ. ಅರಬೈಲ್ ಘಟ್ಟದಲ್ಲಿ ಲಾರಿ ಉರುಳುವುದು, ಅದನ್ನು ನಾನು ಬರೆಯುವುದು. ಅಲ್ಲಿದ್ದ ಹಿರಿಯ ವರದಿಗಾರರೊಬ್ಬರು ನನಗೆ ಕೆಲಸ ಕಲಿಸಿದರು. ಸತ್ತ ಡ್ರೈವರನ ಹೆಸರು ಪೊಲೀಸರಿಂದ ನನಗೆ ಮೊದಲೇ ಸಿಕ್ಕಿತೆಂದು ಹಿಗ್ಗಿ ಬಂದಾಗ ಅವರು ಕೇಳಿದ್ದು ಒಂದೇ, "ಮನೆಗೆ ಸುದ್ದಿ ಮುಟ್ಟಿದ್ಯ?" ಮುಟ್ಟಿರಲಿಲ್ಲ. ಆ ಹೆಸರು ಮರುದಿನದ ಪೇಪರಿನಲ್ಲಿ ಬರಲಿಲ್ಲ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ಹೆಸರು ಅಚ್ಚಿಗೆ ಹೋಗಬಾರದು, ಮತ್ತು ಎರಡು ಕಡೆಯಿಂದ ಖಾತ್ರಿಯಾಗದ ಮಾತನ್ನು ಯಾರಿಗೂ ಹೇಳಬಾರದು. ದೆಹಲಿಯ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಕೂತು ಸೇನೆಯ ಹೇಳಿಕೆಗಳನ್ನು ಬರೆದುಕೊಳ್ಳುವಾಗಲೂ ನಾನು ನಂಬಿದ್ದು ಯಲ್ಲಾಪುರದ ಈ ಎರಡು ಮಾತನ್ನೇ.

ಗಡಿಯಲ್ಲಿ ಕಲಿತದ್ದು ಬೇರೆ. ಮುಂಚೂಣಿಯ ಠಾಣೆಗಳಲ್ಲಿ ಹೆಂಗಸರಿಗೆ ಮರೆಯೆಂಬುದು ಇರುವುದಿಲ್ಲ. ಬಯಲಿಗೆ ಹೋಗೋಣವೆಂದರೆ ಅತ್ತ ಬಂದೂಕು, ಇತ್ತ ಬಂದೂಕು, ನಡುವೆ ನೆಲಬಾಂಬಿನ ಹೆದರಿಕೆ. ಹಾಗಾಗಿ ಕೆಲಸವಿರುವ ದಿನ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯಬಾರದೆಂಬುದು ನನ್ನ ಪದ್ಧತಿ. ಇನ್ನೊಂದು, ಬೂಟು ಬಿಚ್ಚಬಾರದು. ಯಾವ ಕ್ಷಣದಲ್ಲಿ ಓಡಬೇಕಾಗುತ್ತದೋ ಹೇಳಲಾಗದು. ಈ ಎರಡೂ ಮೈಗೆ ಎಷ್ಟು ಹತ್ತಿಹೋದವೆಂದರೆ ಬೆಂಗಳೂರಿನಲ್ಲಿ ಮಂತ್ರಿಯ ಮನೆಗೆ ಹೋದರೂ "ನೀರು ಬೇಡ" ಎಂಬುದು ತಾನಾಗಿ ಬಾಯಿಗೆ ಬರುತ್ತಿತ್ತು. ಶಿರಸಿಯ ಡಾಕ್ಟರು ಮೂತ್ರಪಿಂಡದ ಕಲ್ಲು ತೋರಿಸಿ ಚೆನ್ನಾಗಿ ಬೈದರು. ಬೈಸಿಕೊಂಡು ಬಂದೆ, ಬದಲಾಗಲಿಲ್ಲ.

ಅಂಥ ಒಂದು ಠಾಣೆಯಲ್ಲಿ ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಸೈನಿಕ ಹುಡುಗ ಸಿಕ್ಕಿದ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಹತ್ತಿರ ಬಂದು ನಿಂತ. ಬನವಾಸಿ ಹತ್ತಿರ, ಗುಡ್ನಾಪುರದ ಕೆರೆ ದಾಟಿ ಹೋದರೆ ಅವರ ಊರು. ನಾನು ಸಿದ್ದಾಪುರದವಳೆಂದಾಗ ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ದೂರದಲ್ಲಿ ನಾವಿಬ್ಬರೂ ಒಂದೇ ಬಸ್‌ಸ್ಟ್ಯಾಂಡಿನವರು. ಅವನ ಅವ್ವನ ಜೊತೆ ನನ್ನ ಫೋನಿನಿಂದಲೇ ಮಾತಾಡಿಸಿದೆ. ಆಮೇಲೂ ಆಕೆ ಆಗಾಗ ನನಗೆ ಫೋನ್ ಮಾಡುತ್ತಿದ್ದಳು. ಗಡಿಯ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ, "ಅಕ್ಕಾರ, ಇದು ನಮ್ಮ ಹುಡುಗನ ಕಡೀದೇನ್ರಿ?" ಎಂದು ಕೇಳುವಳು. ಅಲ್ಲ ಎಂದರೆ ನಂಬಿ ಫೋನ್ ಇಡುವಳು. ದೇಶದ ರಕ್ಷಣಾ ಮಂತ್ರಿಗಿಂತ ಅವಳಿಗೆ ನನ್ನ ಮಾತು ದೊಡ್ಡದು, ಇದೂ ನನಗೆ ಹೆದರಿಕೆ ಹುಟ್ಟಿಸುವ ಸಂಗತಿಯೇ.

ಗಡಿಯಲ್ಲಿ ನಿಜವಾಗಿ ಗುಂಡಿನ ಮಳೆಯಾದ ಆ ಬೇಸಿಗೆಯಲ್ಲಿ ನಾನು ಗಡಿಯಲ್ಲಿರಲಿಲ್ಲ. ಆಯಿಯ ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿ ಶಿರಸಿಯ ಅಣ್ಣನ ಮನೆಯಲ್ಲಿದ್ದೆ. ಟಿವಿಯವರಿಗೆ ಹಬ್ಬ. ಸ್ಟುಡಿಯೋದಲ್ಲಿ ಕೂತೇ ಸೈರನ್ ಊದುತ್ತಿದ್ದರು, ಗೊಂಬೆ ವಿಮಾನ ಹಾರಿಸಿ ಶತ್ರುವಿನ ಊರುಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದರು. ಅವರನ್ನು ಒಂದು ದಿನ, ಒಂದೇ ದಿನ, ನೀರಿಲ್ಲದೆ ಒಂದು ಬಂಕರಿನಲ್ಲಿ ಕೂರಿಸಬೇಕೆನ್ನಿಸಿ ನನಗೆ ಮೈ ಉರಿಯುತ್ತಿತ್ತು. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡಿದ್ದ ಆಯಿ ಮಾತ್ರ, ಸದ್ದು ಕೇಳಿಯೇ, "ಅದನ್ನ ಬಂದ್ ಮಾಡು ತಂಗಿ, ಎಂತಕ್ಕೆ ಸುಮ್ನೆ" ಎಂದಳು.

ಬೆಳಗ್ಗೆ ತಿಂಡಿಯ ಹೊತ್ತಿಗೆ ಸಂಪಾದಕರ ಫೋನ್ ಬಂತು. ಒಂದು ಠಾಣೆಯ ಮೇಲೆ ಶೆಲ್ ಬಿದ್ದಿದೆ. ಹೆಸರು ಕೇಳಿದರೆ, ನಮ್ಮ ಗುಡ್ನಾಪುರದ ಹುಡುಗ ಇರುವ ಠಾಣೆಯೇ. "ಅಲ್ಲಿ ಕರ್ನಾಟಕದ ಹುಡುಗರು ಇಬ್ಬರಿದ್ದಾರಂತೆ. ಒಬ್ಬ ನಿಮ್ಮ ಕಡೆಯವನೇ. ಮನೆಯವರು ಹೇಗೆ ಕಾಯುತ್ತಿದ್ದಾರೆ ಅಂತ ಒಂದು ಬರಹ ಮಾಡಿ. ಶೆಲ್ ವಿಷಯ ಅಲ್ಲಿ ಎತ್ತಬೇಡಿ, ಇನ್ನೂ ಏನೂ ಖಾತ್ರಿಯಿಲ್ಲ" ಎಂದರು. ಆಗದು ಎನ್ನಬಹುದಿತ್ತು. ಆದರೆ ನಾನು ಹೋಗದಿದ್ದರೆ ಬೇರೆ ಯಾರಾದರೂ ಕ್ಯಾಮೆರಾ ಹಿಡಿದು ಹೋಗುತ್ತಾರೆ ಎಂದುಕೊಂಡೆ. ಹೆದರುವವರು ಇಂಥ ನೆಪಗಳನ್ನು ಬಹಳ ಬೇಗ ಹುಡುಕುತ್ತಾರೆ. ಗೊತ್ತಾಗುವುದಾದರೆ ಅಲ್ಲೇ ಗೊತ್ತಾಗಲಿ, ಇಲ್ಲಿ ಕೂತು ಒದ್ದಾಡಲಾರೆ ಎಂಬುದು ನಿಜವಾದ ಕಾರಣ.

"ಎಲ್ಲಿಗೆ ಹೊಂಟಿದ್ದೆ?" ಎಂದು ಆಯಿ ಕೇಳಿದಳು.

"ಗುಡ್ನಾಪುರದ ಬದಿಗೆ. ಬೇಗ ಬತ್ತೆ."

"ನಿನ್ನ ದನಿ ಸಮ ಇಲ್ಲೆ" ಎಂದಳು. ಕಣ್ಣು ಕಟ್ಟಿದ್ದರೂ ಅವಳಿಗೆ ಇಂಥದೆಲ್ಲ ತಿಳಿಯುತ್ತದೆ. ನಾನು ಅಣ್ಣನ ಕಾರು ತೆಗೆದುಕೊಂಡು ಹೊರಟೆ.

ದಾರಿಯುದ್ದಕ್ಕೂ ನನ್ನ ಲೆಕ್ಕ ಒಂದೇ. ಇಬ್ಬರಲ್ಲಿ ಒಬ್ಬ. ಇಬ್ಬರೂ ಉಳಿದಿರಬಹುದು. ಇಬ್ಬರೂ ಉಳಿಯದಿರಬಹುದು. ಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ ದೆಹಲಿಯ ನನ್ನ ಪರಿಚಯದ ಅಧಿಕಾರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸಂದೇಶ ಕಳಿಸಿದೆ. ನೀರು ಇಳಿದು ಅಂಚಿನಲ್ಲಿ ಕೆಸರು ಬಿರಿದಿತ್ತು, ಎಮ್ಮೆಗಳು ಮಲಗಿದ್ದವು. ಉತ್ತರ ಬರಲಿಲ್ಲ, ಕಾರು ಮುಂದೆ ಬಿಟ್ಟೆ.

ಮನೆ ಊರ ಅಂಚಿನಲ್ಲಿದೆ, ಹಿಂದೆ ಗದ್ದೆ, ಆಚೆ ಅನಾನಸಿನ ಹೊಲ. ಹುಡುಗನ ಅಪ್ಪ ಹೊಲಕ್ಕೆ ಹೋಗಿದ್ದರು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನ ಕಾರಿನ ಸದ್ದಿಗೆ ಅವ್ವ ಒಳಗಿನಿಂದ ಬಂದಳು. ನನಗಿಂತ ಸ್ವಲ್ಪ ದೊಡ್ಡವಳು, ಫೋನಿನಲ್ಲೇ ಇಷ್ಟು ದಿನ ಮಾತಾಡಿದ್ದು, ಮುಖ ನೋಡಿದ್ದು ಅದೇ ಮೊದಲು. ಬಹಳ ಸಂತೋಷಪಟ್ಟಳು. "ಬರ್ರಿ ಅಕ್ಕಾರ, ಒಳಗ ಬರ್ರಿ. ಹೇಳದ ಕೇಳದ ಬಂದೀರಲ್ಲ" ಎಂದು ಒಳಗೆ ಓಡಿ ಬೆಲ್ಲದ ತುಂಡು, ಒಂದು ತಂಬಿಗೆ ನೀರು ತಂದಳು.

"ನೀರು ಬೇಡ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಕೆಲಸದ ಮೇಲೆ ಬಂದಿದ್ದೆ, ಬಾಯಿ ತನ್ನಷ್ಟಕ್ಕೆ ಹೇಳಿತು. "ಕುಂದರ್ರಿ" ಎಂದಳು. ಜಗಲಿ ಹತ್ತಬೇಕೆಂದರೆ ಬೂಟು ಬಿಚ್ಚಬೇಕು. "ಇರಲಿ, ಇಲ್ಲೇ ನಿಲ್ಲುತ್ತೇನೆ" ಎಂದೆ. ಅಂಗಳದಲ್ಲೇ ನಿಂತೆ.

ಅಜ್ಜಿಯ ಕೈ ಹುಣಸೆಹಣ್ಣಿನ ಮೇಲೆ ನಿಂತುಹೋಯಿತು. ನನ್ನನ್ನು ನೋಡಲಿಲ್ಲ, ಸೊಸೆಯನ್ನು ಕೇಳಿದಳು: "ನೀರು ಒಲ್ಲೆ ಅಂದ್ಳೇನ ಆಕಿ?"

ಆಗ ನನಗೆ ತಿಳಿಯಿತು. ಇದೇ ನೆಲದಲ್ಲಿ ಹುಟ್ಟಿ ಬೆಳೆದವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲವಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಕಡೆ ಸಾವಿನ ಸುದ್ದಿ ತಂದವರು ಅಂಗಳದಲ್ಲಿ ನಿಲ್ಲುತ್ತಾರೆ. ಜಗಲಿ ಹತ್ತುವುದಿಲ್ಲ, ಚಪ್ಪಲಿ ಬಿಡುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಹೇಳುವುದನ್ನು ನಿಂತೇ ಹೇಳಿ ಬೆನ್ನು ತಿರುಗಿಸಿ ಹೋಗುತ್ತಾರೆ. ಸಿದ್ದಾಪುರದ ನಮ್ಮ ಮನೆಗೂ ಅಜ್ಜನ ಸುದ್ದಿ ಹಾಗೆಯೇ ಬಂದಿತ್ತು. ಬಂದಾತ ಬಾಯಿ ತೆರೆಯುವ ಮೊದಲೇ, ಅವನು ನೀರು ಬೇಡವೆಂದದ್ದನ್ನು ನೋಡಿ ಆಯಿ ಗೋಡೆ ಹಿಡಿದುಕೊಂಡಿದ್ದಳು. ಈಗ ಯುದ್ಧದ ಸುದ್ದಿ ಬರೆಯುವವಳು, ಹೇಳದೆ ಕೇಳದೆ, ಬೂಟು ಹಾಕಿಕೊಂಡು ಸೈನಿಕನ ಮನೆಯ ಅಂಗಳದಲ್ಲಿ ನಿಂತಿದ್ದಾಳೆ, ನೀರು ಒಲ್ಲೆ ಅನ್ನುತ್ತಿದ್ದಾಳೆ.

ಅವ್ವ ಅಳಲಿಲ್ಲ, ಕೂಗಲಿಲ್ಲ. ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಏನೈತಿ ಹೇಳಿಬಿಡ್ರಿ" ಎಂದಳು.

"ಹಾಗಲ್ಲ. ನಾನು ಯಾವ ಸುದ್ದಿಯನ್ನೂ ತಂದಿಲ್ಲ. ನೀರು ಕುಡಿಯದಿರುವುದು ನನ್ನದೊಂದು ಕೆಟ್ಟ ಅಭ್ಯಾಸ" ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು.

"ಅಂವ ಆರಾಮ ಅದಾನೇನು?"

"ನನಗೆ ಗೊತ್ತಿಲ್ಲ."

"ಹಂಗಾದ್ರ ಕುಡೀರಿ" ಎಂದು ತಂಬಿಗೆ ಮುಂದೆ ಹಿಡಿದಳು.

ಎಷ್ಟೋ ಗುಂಡಿನ ಸದ್ದು ಕೇಳಿದ್ದೇನೆ, ಆದರೆ ಆ ತಂಬಿಗೆಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಕುಡಿದರೆ ಅವನು ಇದ್ದಾನೆ ಎಂದು ಹೇಳಿದ ಹಾಗೆ. ಎರಡು ಕಡೆ ಬಿಡಿ, ಒಂದು ಕಡೆಯಿಂದಲೂ ನನಗೆ ಖಾತ್ರಿಯಿಲ್ಲ. ಕುಡಿಯದಿದ್ದರೆ ಅವನಿಲ್ಲ ಎಂದ ಹಾಗೆ. ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬೇಲಿಯಾಚೆ ಪಕ್ಕದ ಮನೆಯ ಹೆಂಗಸೊಬ್ಬಳು ಬಂದು ನಿಂತಳು. ನಾನು ಬೂಟು ಬಿಚ್ಚಿ, ಜಗಲಿ ಹತ್ತಿ, ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದೆ. ನನ್ನ ಗಂಟಲು ಇಳಿಯುವುದನ್ನೇ ಅವ್ವ ನೋಡುತ್ತಿದ್ದಳು. ಕೆಳಗಿಡುವ ಧೈರ್ಯ ಬರದೆ ತಳದವರೆಗೂ ಕುಡಿದೆ. ಅಜ್ಜಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಆಮೇಲೆ ನಾನು ಅಲ್ಲಿಂದ ಏಳಲಾರದೆ ಹೋದೆ. ಎದ್ದು ಹೋದರೆ, ನನ್ನ ಬೆನ್ನಿಗೇ ಸಾವಿನ ಸುದ್ದಿ ಬಂದರೆ? ಅವಳು ಅಕ್ಕಿ ರೊಟ್ಟಿ ತಟ್ಟಿದಳು, ತಿಂದೆ. ಮಗನ ಫೋಟೋ ತೋರಿಸಿದಳು, ನೋಡಿದೆ. ಅವಳ ಫೋನು ಮರದ ಪೆಟ್ಟಿಗೆಯ ಮೇಲಿತ್ತು. ಅದರ ಕಡೆ ನಾವ್ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಿವಿಯೂ ಅಲ್ಲೇ. ಟಿವಿಯ ವೈರನ್ನು ಅವಳೇ ಕಿತ್ತಿಟ್ಟಿದ್ದಳು.

"ಆ ಮಂದಿ ಕಿರುಚೋದು ಕೇಳಿದ್ರ ರೊಟ್ಟಿ ಹೊತ್ತತಾವು" ಎಂದಳು. ಅವಳ ಮೇಲೆ ನನಗೆ ಅಭಿಮಾನ ಹುಟ್ಟಿತು.

ಮಾತಿನ ನಡುವೆ ಜೇಬಿನಲ್ಲಿ ನನ್ನ ಫೋನ್ ನಡುಗಿತು. ಹಿತ್ತಲಿಗೆ ಹೋಗಿ ನೋಡಿದೆ. ದೆಹಲಿಯ ಅಧಿಕಾರಿಯ ಸಂದೇಶ. ಒಬ್ಬ ಹೋಗಿರುವುದು ಖಾತ್ರಿ. ಕರ್ನಾಟಕದವನು. ಮನೆಯವರಿಗೆ ತಿಳಿಸಿದ ಮೇಲೆ ಹೆಸರು.

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಈ ಮನೆಯ ನೀರು ನನ್ನ ಹೊಟ್ಟೆಯಲ್ಲಿದೆ, ನಾನು ಈ ತಾಯಿಗೆ ಸುಳ್ಳು ಕುಡಿದು ತೋರಿಸಿದ್ದೇನೆ ಎಂದು ಅನ್ನಿಸಿತು. ಅಷ್ಟರಲ್ಲಿ ರಸ್ತೆಯಲ್ಲಿ ಜೀಪಿನ ಸದ್ದು. ಪೊಲೀಸರೋ, ತಹಶೀಲ್ದಾರರೋ ಇರಬೇಕು, ಹೇಳಲು ಬಂದರು ಎಂದುಕೊಂಡೆ. ಮುಂದೆ ಓಡಿ ಬಂದಾಗ ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಅರಣ್ಯ ಇಲಾಖೆಯ ಜೀಪು. ಧೂಳೆಬ್ಬಿಸಿಕೊಂಡು ಮುಂದೆ ಹೋಯಿತು. ನಾವಿಬ್ಬರೂ ಒಳಗೆ ಬಂದೆವು.

ಬಿಸಿಲು ಜಗಲಿ ಬಿಟ್ಟು ಇಳಿಯುವ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಫೋನ್ ಬಡಿದುಕೊಂಡಿತು. ಗುರುತಿಲ್ಲದ ನಂಬರು. ಅವ್ವ ಅದನ್ನು ಮುಟ್ಟಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು. "ನೀವ ಹಿಡೀರಿ ಅಕ್ಕಾರ. ನನ್ನ ಕೈಲಿ ಆಗೂದಿಲ್ಲ" ಎಂದಳು.

ಹಿಡಿದೆ. ಒಂದಿಷ್ಟು ಹೊತ್ತು ಬರೀ ಗರಗರ ಸದ್ದು. ಆಮೇಲೆ, "ಅವ್ವಾ" ಎಂದ.

ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವಳು ಮಗನನ್ನು ಕೇಳಿದ್ದು ಯುದ್ಧದ ವಿಚಾರವಲ್ಲ. "ಉಂಡ್ಯೋ ಇಲ್ಲೋ?" ಎಂದಳು. ಅಲ್ಲಿಂದ ಏನೋ ಉತ್ತರ ಬಂತು. "ಏನ್ ಉಂಡಿ?" ಎಂದಳು. ಅಜ್ಜಿ ಗೋಡೆ ಕಡೆ ತಿರುಗಿ ಕೂತು ಅತ್ತಳು. ನಾನೂ ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಆ ದಿನ ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಕಿರಲಿಲ್ಲ.

ನಾನು ಅಲ್ಲಿರುವುದು ತಿಳಿದು ಅವನು ನನಗೆ ಕೊಡಲು ಹೇಳಿದ. ನಾನು ಫೋನ್ ಹಿಡಿದು ಅಂಗಳಕ್ಕೆ ಇಳಿದೆ. ಅವನ ದನಿ ಈಗ ಬೇರೆ. "ಅಕ್ಕಾರ, ನಮ್ಮ ಹಾನಗಲ್ಲಿನಂವ ಹೋದ. ನನ್ನ ಬಾಜೂಕ ಇದ್ದ. ಅವರ ಮನಿಗೆ ಇನ್ನಾ ಹೇಳಿಲ್ಲ, ಸಾಹೇಬ್ರು ಸಂಜಿಗೆ ಹೇಳ್ತಾರ. ಅವ್ವಗ ಹೇಳಬ್ಯಾಡ್ರಿ" ಎಂದ. ಆಮೇಲೆ ಲೈನು ಹೋಯಿತು.

ಫೋನ್ ಒಳಗಿಟ್ಟು ಹೊರಗೆ ಬಂದು ನಿಂತಿದ್ದೇನೆ, ನನ್ನದಕ್ಕೆ ಸಂಪಾದಕರ ಕರೆ. ಅವರಿಗೂ ಎಲ್ಲಿಂದಲೋ ಸತ್ತವನ ಹೆಸರು ಸಿಕ್ಕಿತ್ತು. ಹಾನಗಲ್ಲಿಗೆ ನಾನೇ ಹತ್ತಿರ ಇರುವವಳು, ಈಗಲೇ ಹೊರಟರೆ ಎಲ್ಲರಿಗಿಂತ ಮೊದಲು ತಲುಪುತ್ತೇನೆ. ಹೇಳುವುದೇನೂ ಬೇಡ, ಊರಿನಲ್ಲಿ ಕಾಯ್ದುಕೊಂಡಿದ್ದು, ಮನೆಯವರಿಗೆ ತಿಳಿಯುವ ಹೊತ್ತಿಗೆ ಅಲ್ಲಿರಬೇಕು, ಅಷ್ಟೇ ಎಂದರು. "ಹಾನಗಲ್ಲಿಗೆ ಈಗ ನಾನು ಹೋಗಲಾರೆ" ಎಂದೆ. ದನಿ ಏರಿತ್ತು. ತಿರುಗಿದಾಗ ಅವ್ವ ಜಗಲಿಯ ಕಂಬದ ಹತ್ತಿರ ನಿಂತಿದ್ದಳು.

ಹಾನಗಲ್ಲೆಂಬ ಹೆಸರು ಕಿವಿಗೆ ಬಿದ್ದದ್ದೇ ಸಾಕು, ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಹಾಗೆಯೇ ಕುಸಿದು ಮೆಟ್ಟಿಲ ಮೇಲೆ ಕೂತಳು. ಇಬ್ಬರೂ ಹುಡುಗರು ಒಟ್ಟಿಗೆ ಸೈನ್ಯ ಸೇರಿದವರು, ಒಟ್ಟಿಗೆ ರಜೆಯಲ್ಲಿ ಬರುವವರು. ಹೋದ ಸಲ ಹಾನಗಲ್ಲಿನ ಹುಡುಗ ಈ ಮನೆಯಲ್ಲಿ ಒಂದು ದಿನ ಉಳಿದು ಹೋಗಿದ್ದನಂತೆ. ಅವನ ಅವ್ವನನ್ನು ಇವಳು ನೋಡಿಲ್ಲ, ಆದರೆ ಇಬ್ಬರು ತಾಯಂದಿರೂ ಫೋನಿನಲ್ಲಿ ಅಕ್ಕ ತಂಗಿ ಆಗಿದ್ದರು. ಯಾರ ಮಗ ಮೊದಲು ಫೋನ್ ಮಾಡಿದರೂ ಆ ಕ್ಷಣವೇ ಇನ್ನೊಬ್ಬಳಿಗೆ ತಿಳಿಸಬೇಕು ಎಂದು ತಮ್ಮತಮ್ಮಲ್ಲಿ ಮಾತು ಮಾಡಿಕೊಂಡಿದ್ದರು. ಒಬ್ಬ ಸಿಕ್ಕರೆ ಇನ್ನೊಬ್ಬನೂ ಸಿಕ್ಕ ಹಾಗೆ ಎಂಬುದು ಅವರ ಲೆಕ್ಕ. ಇದನ್ನೆಲ್ಲ ಅವಳು ನನಗೆ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡಳು.

ಹೇಳಿ ಮುಗಿಸುವ ಮೊದಲೇ ಒಳಗೆ ಫೋನ್ ಬಡಿಯಿತು. ಅಜ್ಜಿ ತಂದುಕೊಟ್ಟಳು. ಅವ್ವ ಪರದೆಯ ಮೇಲೆ ಹಾನಗಲ್ಲಿನ ತಾಯಿಯ ನಂಬರು ನೋಡಿ ನನ್ನ ಕಡೆ ನೋಡಿದಳು. ಎತ್ತಬೇಡ ಎನ್ನಲೇ, ಎತ್ತು ಎನ್ನಲೇ? ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಕೆಮ್ಮಿ ದನಿ ಸರಿಮಾಡಿಕೊಂಡಳು, ಫೋನ್ ಕಿವಿಗೆ ಹಿಡಿದಳು.

ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಇವಳು ಹೇಳಿದ್ದು ಮಾತ್ರ ಕೇಳಿತು.

"ಇಲ್ಲ ತಂಗಿ. ನಮ್ಮಂವಂದೂ ಫೋನ್ ಇನ್ನಾ ಬಂದಿಲ್ಲ. ನಾನೂ ಕಾಯಾಕತ್ತೇನಿ. ನೀ ಮುಂಜಾನಿಂದ ಏನರ ಉಂಡಿಯೇನು? ಇಲ್ಲಾ? ಹಂಗ ಇರಬ್ಯಾಡ. ಏಳು, ಗಂಗಾಳ ತಗೋ. ನಾ ಫೋನ್ ಇಡೂದಿಲ್ಲ, ನೀ ಉಣ್ಣು."

ಆ ಹೆಂಗಸು ಉಂಡು ಕೈ ತೊಳೆಯುವವರೆಗೂ ಅವಳು ಫೋನ್ ಇಡಲಿಲ್ಲ.